ಲೈಬ್ರರಿಥಿಂಗ್: ನಾಲ್ಕು ಭಾಷೆಯ ಕಪಾಟಿಗೆ ಟ್ಯಾಗ್ ಹಾಕಿ ನೋಡಿದೆ

ಮಂಗಳೂರಿನ ಮನೆಗಳಲ್ಲಿ ಪುಸ್ತಕ ಜೋಡಿಸುವುದೇ ಒಂದು ಪಂಚಾತಿಕೆ. ಕನ್ನಡ, ತುಳು, ಕೊಂಕಣಿ, ಇಂಗ್ಲಿಷ್ ಎಲ್ಲ ಒಂದೇ ಕಪಾಟಿನಲ್ಲಿ. ತುಳುವಿನಲ್ಲಿ ಬರೆದ ಯಕ್ಷಗಾನ ಪ್ರಸಂಗವನ್ನು ತುಳು ಸಾಲಿನಲ್ಲಿ ಇಡಬೇಕಾ, ಯಕ್ಷಗಾನದ ಸಾಲಿನಲ್ಲಾ? ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಕತೆಗಳು ಎಲ್ಲಿಗೆ? ಇರುವುದು ಒಂದೇ ಪ್ರತಿ, ಎರಡು ಕಡೆ ಇಡಲಿಕ್ಕೆ ಆಗುವುದಿಲ್ಲ ಅಲ್ವಾ. ಪಟ್ಟಿಯಲ್ಲಾದರೆ ಆಗುತ್ತದೆ. ನನಗೆ ಲೈಬ್ರರಿಥಿಂಗ್ ಹಿಡಿಸಿದ್ದೇ ಅದಕ್ಕೆ.

ನಮ್ಮ ಪುಸ್ತಕಗಳ ಪಟ್ಟಿ ಮಾಡಿಡಲಿಕ್ಕೆ 2005ರಲ್ಲಿ ಅಮೆರಿಕದ ಟಿಮ್ ಸ್ಪಾಲ್ಡಿಂಗ್ ಶುರು ಮಾಡಿದ ತಾಣ ಇದು. ಮೊದಲು 200 ಪುಸ್ತಕದವರೆಗೆ ಮಾತ್ರ ಪುಕ್ಕಟೆ ಇತ್ತು, 2020ರಿಂದ ಎಷ್ಟು ಸೇರಿಸಿದರೂ ದುಡ್ಡಿಲ್ಲ. ನೋಡಲಿಕ್ಕೆ ಹಳೇ ಕಾಲದ ಸೈಟಿನ ಹಾಗೆ ಇದೆ, ಅಂದಚೆಂದ ಬೇಕಾದವರಿಗೆ ಇದು ಆಗಿಬರುವುದಿಲ್ಲ. ಫೋನ್ ಆ್ಯಪ್‌ನಲ್ಲಿ ಪುಸ್ತಕದ ಹಿಂದಿನ ಬಾರ್‌ಕೋಡ್ ಹಿಡಿದರೆ ದೊಡ್ಡ ಲೈಬ್ರರಿಗಳಿಂದ, ಅಮೆಜಾನ್‌ನಿಂದ ವಿವರ ಹುಡುಕಿ ತರುತ್ತದೆ.

ಆದರೆ ಹಳೇ ಕನ್ನಡ ಪುಸ್ತಕಗಳ ಮಟ್ಟಿಗೆ ಬಾರ್‌ಕೋಡ್ ಆಸೆ ಬಿಡಿ. ಇಲ್ಲೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಯಾರದ್ದಾದರೂ ಮನೆಯಲ್ಲಿ ಇದ್ದರೆ ಅದರ ಬೆನ್ನಿನಲ್ಲಿ ಐಎಸ್‌ಬಿಎನ್ (ಬಾರ್‌ಕೋಡ್ ಜೊತೆ ಇರುವ ಪುಸ್ತಕದ ಸಂಖ್ಯೆ) ಹುಡುಕಿ ಏನು ಪ್ರಯೋಜನ! ಅಜ್ಜನ ಕಾಲದ ತೆಳ್ಳಗಿನ ಪ್ರಸಂಗ ಪುಸ್ತಕಗಳಲ್ಲಂತೂ ಕೆಲವದರಲ್ಲಿ ಅಚ್ಚಾದ ವರ್ಷವೂ ಇರುವುದಿಲ್ಲ. ಹೆಸರು, ಬರೆದವರು, ಪ್ರಕಾಶಕರು ಎಲ್ಲ ಕೈಯಲ್ಲೇ ಟೈಪ್ ಮಾಡಬೇಕು, ಮುಖಪುಟದ ಫೋಟೋ ತೆಗೆದು ಹಾಕಬೇಕು. ಬೇಜಾರಿನ ಕೆಲಸ, ಆದರೆ ಕನ್ನಡ ಲಿಪಿಯಲ್ಲೇ ಬರೆದಿಡಬಹುದು.

ಇನ್ನು ಟ್ಯಾಗ್, ಅಂದರೆ ಪುಸ್ತಕಕ್ಕೆ ನಾವೇ ಅಂಟಿಸುವ ಗುರುತಿನ ಪದ. ಒಂದು ಪುಸ್ತಕಕ್ಕೆ ಎಷ್ಟು ಬೇಕಾದರೂ ಹಾಕಬಹುದು, ನಡುವೆ ಅಲ್ಪವಿರಾಮ ಕೊಟ್ಟರೆ ಸಾಕು. ಎರಡು ಮೂರು ಪದದ ಟ್ಯಾಗ್ ಕೂಡ ಆಗುತ್ತದೆ. ಎಲ್ಲರೂ ಮೊದಲು ಮಾಡುವುದು ವಿಷಯದ ಟ್ಯಾಗ್‌ಗಳ ರಾಶಿ: ಇತಿಹಾಸ, ಜಾನಪದ, ಭೂತಾರಾಧನೆ, ಕರಾವಳಿ ಅಂತ. ನನ್ನ ಪ್ರಕಾರ ಅವು ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ. ನಮ್ಮದೇ ಪುಸ್ತಕದಲ್ಲಿ ಏನಿದೆ ಅಂತ ನಮಗೆ ಗೊತ್ತಿರುತ್ತದೆ, ಗೊತ್ತಿಲ್ಲದ್ದು ಅದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅನ್ನೋದು. ಹಾಗಾಗಿ ನಾನು ಜಾಸ್ತಿ ಬಳಸುವುದು ‘ಉಡುಪಿ ಮನೆ’, ‘ಮೇಲಿನ ಕಪಾಟು’, ‘ಎರವಲು ಹೋಗಿದೆ’, ‘ಅರ್ಧ ಓದಿದ್ದು’, ‘ಬೈಂಡ್ ಮಾಡಿಸಬೇಕು’ ಇಂಥವು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ‘ಬಿಸಿಲು ಬೇಕು’. ನಮ್ಮ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈಗೆ ಸಿಕ್ಕಿದ ಹಾಗೆ ಆ ಟ್ಯಾಗ್ ಹಾಕುತ್ತಾ ಹೋಗುವುದು, ಮಳೆ ನಿಂತ ಮೇಲೆ ಟ್ಯಾಗ್ ಒತ್ತಿದರೆ ಅಂಗಳಕ್ಕೆ ತರಬೇಕಾದ ಪುಸ್ತಕಗಳ ಪಟ್ಟಿ ಸಿದ್ಧ.

ಒಂದು ಪುಸ್ತಕವನ್ನು ಒಂದೇ ಡಬ್ಬಿಗೆ ತುರುಕಬೇಡಿ ಅನ್ನುವ ಯೋಚನೆ ಇಂಟರ್‌ನೆಟ್‌ನಲ್ಲಿ ಹುಟ್ಟಿದ್ದೇನಲ್ಲ. ಎಸ್. ಆರ್. ರಂಗನಾಥನ್ 1933ರಲ್ಲಿ ತಂದ, ಲೈಬ್ರರಿ ಪುಸ್ತಕಗಳನ್ನು ವಿಂಗಡಿಸುವ ಕೋಲನ್ ವರ್ಗೀಕರಣ ಪದ್ಧತಿಯಲ್ಲಿ ವಿಷಯವನ್ನು ಬಿಡಿಬಿಡಿ ಮುಖಗಳಾಗಿ ಒಡೆದು ಮತ್ತೆ ಜೋಡಿಸುವ ಉಪಾಯ ಇತ್ತು. ಈ ರಂಗನಾಥನ್ ಲೈಬ್ರರಿಯನ್ ಆಗುವ ಮೊದಲು ಲೆಕ್ಕದ ಮೇಷ್ಟ್ರು, 1917ರಲ್ಲಿ ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೇ, ಈಗ ಹಂಪನಕಟ್ಟೆಯಲ್ಲಿರುವ ಯುನಿವರ್ಸಿಟಿ ಕಾಲೇಜು. ಊರಿನಲ್ಲಿ ಇದು ಎಷ್ಟು ಜನಕ್ಕೆ ಗೊತ್ತೋ!

ಒಂದು ಕಿರಿಕಿರಿ ಇದೆ. ‘ಯಕ್ಷಗಾನ’ ಒಂದು ಟ್ಯಾಗ್, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇನ್ನೊಂದು, ‘ಪ್ರಸಂಗ’ ಮತ್ತೊಂದು. ಯಾವ ಲಿಪಿ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎರಡೆರಡು ಬಂದುಬಿಟ್ಟರೆ ಒಂದೇ ಸಲಕ್ಕೆ ಎಲ್ಲ ಪುಸ್ತಕಗಳಲ್ಲೂ ಟ್ಯಾಗ್ ಬದಲಾಯಿಸುವ ಸೌಲಭ್ಯ ಇದೆ, ಅದು ಒಳ್ಳೆಯದು. ಇದೇ ಹೆಸರುಗಳನ್ನು ಜೀಮೇಲ್ ಲೇಬಲ್‌ಗೂ ಬಳಸಿದರೆ ಇನ್ನೂ ಅನುಕೂಲ. ಅಲ್ಲೂ ಒಂದು ಮೇಲ್‌ಗೆ ಎರಡು ಮೂರು ಲೇಬಲ್ ಹಾಕಬಹುದು, ‘ಉಡುಪಿ ಮನೆ’ಯ ತೆರಿಗೆ ರಶೀದಿ ‘ತೆರಿಗೆ’ಯಲ್ಲೂ ಸಿಗುತ್ತದೆ.

ಸ್ವಂತ ವಿಷಯ ಬರೆಯುವಾಗ ಮಾತ್ರ ಜಾಗ್ರತೆ. ನಿಮ್ಮ ಪಟ್ಟಿ, ಟ್ಯಾಗ್ ಎರಡೂ ಬೇರೆಯವರಿಗೆ ಕಾಣಬಹುದು, ಹಾಗಾಗಿ ‘ಪಕ್ಕದ ಮನೆ ಅಣ್ಣ ವಾಪಸ್ ಕೊಡಲಿಲ್ಲ’ ಅಂತೆಲ್ಲ ಟ್ಯಾಗ್ ಹಾಕಲಿಕ್ಕೆ ಹೋಗಬೇಡಿ. ಅದಕ್ಕೆ ನಮಗೆ ಮಾತ್ರ ಕಾಣುವ ಟಿಪ್ಪಣಿ ಜಾಗ ಬೇರೆ ಇದೆ. ಬೇಕಾದರೆ ಇಡೀ ಪಟ್ಟಿಯನ್ನೇ ಮುಚ್ಚಿಡಬಹುದು.

ನಾನು ಮೊದಲು ಬಳಸುತ್ತಿದ್ದ ಬೇರೊಂದು ಆ್ಯಪ್ ಸುಮ್ನೆ ಒಂದು ದಿನ ನಿಂತುಹೋಯಿತು, ಹಾಕಿದ್ದೆಲ್ಲ ಅದರ ಜೊತೆಗೇ ಹೋಯಿತು. ಇಲ್ಲಿ ಪಟ್ಟಿಯನ್ನು ಟ್ಯಾಗ್ ಸಮೇತ ಎಕ್ಸೆಲ್‌ನಲ್ಲಿ ತೆರೆಯುವ ಹಾಗೆ ಇಳಿಸಿಕೊಳ್ಳಬಹುದು. ಆಗಾಗ ಇಳಿಸಿ ಪೆನ್‌ಡ್ರೈವ್‌ನಲ್ಲಿ ಹಾಕಿಡಿ. ಶುರು ಮಾಡುವವರು ಬಾರ್‌ಕೋಡ್ ಇರುವ ಹೊಸ ಪುಸ್ತಕಗಳನ್ನು ಮೊದಲು ಮುಗಿಸಿ, ಅಜ್ಜನ ಪೆಟ್ಟಿಗೆಯನ್ನು ಮಳೆ ಜೋರಾಗಿ ಹೊರಗೆ ಹೋಗಲಿಕ್ಕೆ ಆಗದ ಭಾನುವಾರಗಳಿಗೆ ಇಟ್ಟುಕೊಳ್ಳಿ.