ಗೋಡೆ ನೋಡದೆ ಶೆಲ್ಫ್ ಹೊಡೆಯಬೇಡಿ: ಮಾಳಮಡ್ಡಿಯ ಮನೆಯಲ್ಲಿ ನನಗಾದದ್ದು

ಹೋದ ಜುಲೈಯಲ್ಲಿ ಪುನರ್ವಸು ಮಳೆ ನಾಲ್ಕು ದಿನ ಬಿಡದೆ ಹಿಡಿದಿತ್ತು. ಐದನೇ ದಿನ ಬೆಳಗಿನ ಜಾವ, ಧಾರವಾಡದ ಮಾಳಮಡ್ಡಿಯ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಭಾರಿ ಸಪ್ಪಳ ಆಯಿತು. ಹೆಂಚಿನ ಮೇಲೆ ಮರದ ಟೊಂಗೆ ಬಿತ್ತು ಅಂದುಕೊಂಡು ಎದ್ದು ಓಡಿದೆ. ಲೈಟ್ ಹಾಕಿ ನೋಡಿದರೆ, ಏಪ್ರಿಲ್‌ನಲ್ಲಿ ನಾನೇ ಕೈಯಾರೆ ಮಾಡಿ ಗೋಡೆಗೆ ಹೊಡೆದಿದ್ದ ಶೆಲ್ಫು ನೆಲದ ಮೇಲಿತ್ತು. ಮೇಲಿನ ಹಲಗೆ ಕೆಳಗಿನ ಹಲಗೆಯ ಮೇಲೆ ಬಿದ್ದು, ಎರಡೂ ಸೇರಿ ಕಿತ್ತುಬಂದಿದ್ದವು. ಇಪ್ಪತ್ತು ವರ್ಷದಿಂದ ಒಂದೊಂದಾಗಿ ಕೂಡಿಸಿದ ಗೇಮ್ ಕನ್ಸೋಲ್‌ಗಳು ಕಲ್ಲಹಾಸಿನ ಮೇಲೆ ಚೆಲ್ಲಾಪಿಲ್ಲಿಯಾಗಿದ್ದವು.

ಆ ಜಾಗದಲ್ಲಿ ಅಂದು ಯಾರೂ ಮಲಗಿರಲಿಲ್ಲ. ಆದರೆ ಮೇ ತಿಂಗಳು ಪೂರ್ತಿ ಗದಗಿನಿಂದ ಸೂಟಿಗೆ ಬಂದಿದ್ದ ಅಕ್ಕನ ಮಗ ಅದೇ ಗೋಡೆಯ ಬುಡಕ್ಕೆ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದ. ಕನ್ಸೋಲ್‌ಗಳ ಕೆಳಗೆ ಮಲಗುವುದೇ ಅವನಿಗೆ ಖುಷಿ. ಈ ಬರಹ ಬರೆಯುತ್ತಿರುವುದು ಮುಖ್ಯವಾಗಿ ಆ ಕಾರಣಕ್ಕೆ. ಒಡೆದ ಸಾಮಾನಿನ ದುಃಖ ಇದ್ದೇ ಇದೆ, ಅದನ್ನೂ ಹೇಳುತ್ತೇನೆ.

ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಶೆಲ್ಫ್ ಮಾಡುವುದು ತಪ್ಪಲ್ಲ. ಈಗಲೂ ನನ್ನ ಹತ್ತಿರ ಇರುವುದು ನಾನೇ ಮಾಡಿದ್ದು, ಅದೂ ಅಗ್ಗದ್ದೇ. ನನ್ನ ತಪ್ಪು ಹಲಗೆಯ ರೇಟ್ ಕೇಳಿದ್ದು, ಬ್ರ್ಯಾಕೆಟ್‌ನ ರೇಟ್ ಕೇಳಿದ್ದು, ಗೋಡೆ ಯಾವುದರದು ಅಂತ ಮಾತ್ರ ಯಾರನ್ನೂ ಕೇಳದೇ ಇದ್ದದ್ದು.

ಮಾಳಮಡ್ಡಿಯಲ್ಲಿ ಹಳೆಯ ಮನೆ ಇದ್ದವರಿಗೆ ಗೊತ್ತಿರುತ್ತದೆ. ದಪ್ಪ ಗೋಡೆ, ಮಂಗಳೂರು ಹೆಂಚು, ಒಳಗೆ ತಂಪು. ಗೋಡೆಯ ಒಳಗಿರುವುದು ಕಲ್ಲು ಮತ್ತು ಮಣ್ಣಿನ ಗಿಲಾವು, ಕೆಲವು ಕಡೆ ಬರೀ ಮಣ್ಣು. ನಡುವೆ ಯಾವಾಗಲೋ ಯಾರೋ ಮೇಲಿಂದ ಸಿಮೆಂಟ್ ಪ್ಲಾಸ್ಟರ್ ಬಳಿದು ಬಣ್ಣ ಹಚ್ಚಿರುತ್ತಾರೆ. ನೋಡಿದರೆ ಹೊಸ ಮನೆಯ ಗೋಡೆಯ ಹಾಗೇ ಕಾಣುತ್ತದೆ, ಬೆರಳಿಂದ ಬಡಿದರೂ ಗಟ್ಟಿ ಅನಿಸುತ್ತದೆ. ಡ್ರಿಲ್ ಹಾಕಿದಾಗ ಮೊದಲ ಅರ್ಧ ಇಂಚು ಕರ್ರ್ ಅಂತ ಗಟ್ಟಿಯಾಗಿಯೇ ಹೋಯಿತು. ಆಮೇಲೆ ಬಿಟ್ ಒಮ್ಮೆಲೇ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿದುಬಿಟ್ಟಿತು. ತೂತಿನಿಂದ ಬಂದ ಪುಡಿ ಮೊದಲು ಬೂದು, ಆಮೇಲೆ ಕೆಂಪು ಮಣ್ಣು. ಗೋಡೆ ನನಗೆ ಹೇಳಬೇಕಾದದ್ದನ್ನು ಆ ಪುಡಿಯಲ್ಲಿ ಹೇಳಿಯೇ ಇತ್ತು. ನಾನು ಅದನ್ನು ಕಸಬರಿಗೆಯಿಂದ ಗುಡಿಸಿ ಹಾಕಿದೆ.

ಡ್ರಿಲ್‌ನ ಹ್ಯಾಮರ್ ಮೋಡ್ (ತಿರುಗುತ್ತಲೇ ಕುಟ್ಟುವುದು) ಹಾಕಿದ್ದರಿಂದ ಮೆತ್ತಗಿನ ಮಣ್ಣಿನಲ್ಲಿ ತೂತು ದೊಡ್ಡದಾಯಿತು. 8 ಮಿಮೀ ಗಿಟ್ಟಿ, ಅಂದರೆ ಸ್ಕ್ರೂ ಹಿಡಿಯಲಿ ಅಂತ ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ, ಒಳಗೆ ಅಲ್ಲಾಡುತ್ತಿತ್ತು. ಸಹಾಯಕ್ಕೆ ಬಂದಿದ್ದ ಕೆಲಸದವರು ಎರಡು ಬೆಂಕಿಕಡ್ಡಿ ಮುರಿದು ಗಿಟ್ಟಿಯ ಪಕ್ಕ ತುರುಕಿ, ಸ್ಕ್ರೂ ಬಿಗಿದು, "ಏನೂ ಆಗಂಗಿಲ್ಲ ಬಿಡ್ರಿ, ಇನ್ನ ಆನಿ ಜೋತುಬಿದ್ರೂ ಬರಂಗಿಲ್ಲ" ಅಂದರು. ಕೈಯಿಂದ ಜಗ್ಗಿ ನೋಡಿದೆ, ಗಟ್ಟಿಯಾಗಿತ್ತು. ಅದೇ ನಂಬಿಕೆ. ಕಡ್ಡಿ ತುರುಕಿದ ಗಿಟ್ಟಿ ಕ್ಯಾಲೆಂಡರ್‌ಗೆ ಸರಿ. ಗಿಟ್ಟಿ ಹಿಡಿಯುವುದು ಸ್ಕ್ರೂ ಅದನ್ನು ಅಗಲಿಸಿ ಸುತ್ತಲಿನ ಗಟ್ಟಿ ಪದಾರ್ಥಕ್ಕೆ ಒತ್ತಿದಾಗ. ಸುತ್ತ ಮಣ್ಣೇ ಇದ್ದರೆ ಅದು ಒತ್ತುವುದು ಯಾವುದಕ್ಕೆ?

ಇನ್ನು ಮೇಲಿನ ಹಲಗೆಯ ಭಾರದ ಲೆಕ್ಕ. ಬಿದ್ದ ಮೇಲೆ ಕೂತು ಕೂಡಿಸಿದೆ, ಮೊದಲೇ ಕೂಡಿಸಬೇಕಿತ್ತು. ಮೊದಲ ಮಾದರಿಯ ಪ್ಲೇಸ್ಟೇಷನ್ 3 ಒಂದೇ 5 ಕೆಜಿ. ಹಳೆಯ ಎಕ್ಸ್‌ಬಾಕ್ಸ್ ಸುಮಾರು 4, ಎಕ್ಸ್‌ಬಾಕ್ಸ್ 360 ಮೂರೂವರೆ, ಪ್ಲೇಸ್ಟೇಷನ್ 4 ಎರಡೂ ಮುಕ್ಕಾಲು, ದಪ್ಪ ಪ್ಲೇಸ್ಟೇಷನ್ 2 ಎರಡು ಕೆಜಿಯ ಮೇಲೆ. ಗೇಮ್ ಡಬ್ಬಿಗಳು ನಲವತ್ತು, ಅವೇ 4 ಕೆಜಿ. ಹಲಗೆಯ ಸ್ವಂತ ತೂಕ ಐದು ಕೆಜಿಯ ಮೇಲೆ. ಎಲ್ಲ ಸೇರಿ 27 ಕೆಜಿ ಸಮೀಪ, ಅರ್ಧ ಚೀಲ ಸಿಮೆಂಟಿಗಿಂತ ಹೆಚ್ಚು. ಅದಕ್ಕೆ ನಾನು ಕೊಟ್ಟದ್ದು ನಾಲ್ಕು ಅಡಿಗೆ ಎರಡೇ ಬ್ರ್ಯಾಕೆಟ್.

ಆ ಬ್ರ್ಯಾಕೆಟ್ ಹಾಕಿದ ರೀತಿಯೂ ತಪ್ಪು. ಎಲ್ ಆಕಾರದ ಅದರ ಒಂದು ತೋಳು 10 ಇಂಚು, ಇನ್ನೊಂದು 5 ಇಂಚು. ಹಲಗೆ 14 ಇಂಚು ಅಗಲ ಇದೆ, ಉದ್ದ ತೋಳು ಹಲಗೆಯ ಕೆಳಗೆ ಬರಲಿ ಅಂತ ನಾನೂ ಅಂದುಕೊಂಡೆ, ಬಹಳ ಜನ ಹಾಗೇ ಹಾಕುತ್ತಾರೆ. ಹಾರೆ ಹಾಕಿ ಕಲ್ಲು ಮೀಟುವುದನ್ನು ನೆನಪಿಸಿಕೊಳ್ಳಿ. ಗೋಡೆಯಿಂದ ಹೊರಗೆ ಚಾಚಿದ ಭಾರವೇ ಹಾರೆಯ ಉದ್ದ ತುದಿ, ಬ್ರ್ಯಾಕೆಟ್‌ನ ಕೆಳತುದಿ ಆನಿಕೆ, ಮೇಲಿನ ಸ್ಕ್ರೂ ಕೀಳಬೇಕಾದ ಕಲ್ಲು. ನನ್ನ ಶೆಲ್ಫಿನಲ್ಲಿ ಭಾರದ ನಡು ಗೋಡೆಯಿಂದ 18 ಸೆಂಮೀ ಹೊರಗೆ ಇತ್ತು, ಮೇಲಿನ ಸ್ಕ್ರೂ ಕೆಳತುದಿಯಿಂದ 12 ಸೆಂಮೀ ಮೇಲೆ. 27ನ್ನು 18ರಿಂದ ಗುಣಿಸಿ 12ರಿಂದ ಭಾಗಿಸಿ. ಸುಮಾರು 40 ಕೆಜಿ. ಅಂದರೆ ಎರಡು ಬ್ರ್ಯಾಕೆಟ್‌ನ ಮೇಲಿನ ಸ್ಕ್ರೂಗಳನ್ನು 40 ಕೆಜಿ ಬಲ ಹಗಲು ರಾತ್ರಿ ಗೋಡೆಯಿಂದ ಹೊರಗೆ ಜಗ್ಗುತ್ತಿತ್ತು. ಉದ್ದ ತೋಳನ್ನು ಗೋಡೆಗೆ ಹಾಕಿದ್ದರೆ ಅದು ಅರ್ಧಕ್ಕೆ ಇಳಿಯುತ್ತಿತ್ತು. ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಬ್ರ್ಯಾಕೆಟ್ ತಿರುಗಿಸಿ ಹಿಡಿಯುವುದಷ್ಟೇ.

ಹಲಗೆಯದು ಬೇರೆ ಕಥೆ. ಪ್ಲೈವುಡ್ ಬದಲು ಪಾರ್ಟಿಕಲ್ ಬೋರ್ಡ್ ತಂದಿದ್ದೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಉಳಿದ ತುಂಡುಗಳು ಸಿಕ್ಕವು, "ವಾಟರ್‌ಪ್ರೂಫ್ ಐತ್ರಿ" ಅಂದರು. ಮೇಲಿನ ಲ್ಯಾಮಿನೇಟ್ ಹಾಳೆಗೆ ನೀರು ಹತ್ತುವುದಿಲ್ಲ, ನಿಜ. ಆದರೆ ಕೊಯ್ದ ಅಂಚು ತೆರೆದೇ ಇರುತ್ತದೆ, ಒಳಗಿರುವುದು ಅಂಟಿನಲ್ಲಿ ಒತ್ತಿದ ಕಟ್ಟಿಗೆಯ ಪುಡಿ. ಬಿದ್ದ ಹಲಗೆಯ ಹಿಂದಿನ ಅಂಚು ನೋಡಿದೆ. ಗೋಡೆಯ ಹಸಿ ಹೀರಿ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿತ್ತು, ಉಗುರಿಂದ ಕೆರೆದರೆ ಉದುರುತ್ತಿತ್ತು. ಗೋಡೆಗೆ ತಾಗಿದ ಒಂದು ಮೂಲೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆಯೂ ಶುರುವಾಗಿತ್ತು. ಮೂರೇ ತಿಂಗಳು.

ಶೆಲ್ಫು ಒಮ್ಮೆಲೇ ಬೀಳಲಿಲ್ಲ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಜೂನ್ ಕೊನೆಗೇ ಗೇಮ್ ಡಬ್ಬಿಗಳು ಎರಡೂ ಕಡೆಯಿಂದ ನಡುವಿಗೆ ವಾಲತೊಡಗಿದ್ದವು. ದಿನಾ ಸಂಜೆ ಕೆಲಸದಿಂದ ಬಂದು ನೆಟ್ಟಗೆ ಮಾಡುತ್ತಿದ್ದೆ, ಮರುದಿನ ಮತ್ತೆ ವಾಲಿರುತ್ತಿದ್ದವು. ಹಲಗೆ ನಡುವೆ ಜೋತುಬಿದ್ದಿದೆ ಅಂತ ತಲೆಗೆ ಹೋಗಲಿಲ್ಲ. ಪಾರ್ಟಿಕಲ್ ಬೋರ್ಡ್ ಭಾರಕ್ಕೆ ಒಮ್ಮೆ ಬಾಗಿ ನಿಲ್ಲುವುದಿಲ್ಲ. ದಿನ ಕಳೆದಂತೆ ಬಾಗುತ್ತಲೇ ಹೋಗುತ್ತದೆ, ಮಳೆಗಾಲದ ಹಸಿಯಲ್ಲಿ ಇನ್ನೂ ಬೇಗ. ಆಮೇಲೆ ಬಲಗಡೆಯ ಬ್ರ್ಯಾಕೆಟ್‌ನ ಮೇಲ್ತುದಿ ಮತ್ತು ಗೋಡೆಯ ನಡುವೆ ಕೂದಲೆಳೆಯಷ್ಟು ಸಂದು ಕಂಡಿತು. ಬೀಳುವ ಎರಡು ದಿನ ಮುಂಚೆ ಜೇಬಿನಲ್ಲಿದ್ದ ಚಿಗರಿ ಬಸ್ಸಿನ ಟಿಕೆಟ್ ಆ ಸಂದಿನೊಳಗೆ ಸರಿಸಿ ನೋಡಿದ್ದೆ, ಸಲೀಸಾಗಿ ಒಳಗೆ ಹೋಗಿತ್ತು. ಭಾನುವಾರ ಸ್ಕ್ರೂ ಬಿಗಿದರಾಯಿತು ಅಂತ ಬಿಟ್ಟೆ. ಭಾನುವಾರದವರೆಗೆ ಅದು ಕಾಯಲಿಲ್ಲ. ಗೋಡೆಯ ಮಣ್ಣು ನೆನೆದು ಮೆತ್ತಗಾದಾಗ ಗಿಟ್ಟಿ ಹಾಗೇ ಜಾರಿ ಹೊರಗೆ ಬಂದಿದೆ. ಬಿದ್ದ ಗಿಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಮುರಿದಿರಲಿಲ್ಲ, ಸವೆದಿರಲಿಲ್ಲ, ಹೊಸದರಂತೇ ಇತ್ತು. ಅದರ ಹಲ್ಲುಗಳ ನಡುವೆ ಹಸಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು, ಪಕ್ಕದಲ್ಲಿ ಎರಡು ಬೆಂಕಿಕಡ್ಡಿ.

ಹೋದದ್ದು ಏನೇನು? ಪ್ಲೇಸ್ಟೇಷನ್ 3 ಮೂಲೆಗೆ ಬಿದ್ದು ಮೈ ಬಿರಿದಿದೆ, ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತದೆ, ಆನ್ ಆಗುವುದಿಲ್ಲ. ಹಾರ್ಡ್ ಡಿಸ್ಕ್ ಬದಲಿಸಬಹುದು, ಅದರೊಳಗೆ ನಾನೂ ತಮ್ಮನೂ ಹತ್ತು ವರ್ಷ ಆಡಿ ಉಳಿಸಿದ ಸೇವ್‌ಗಳು ಬರುವುದಿಲ್ಲ. ಪ್ಲೇಸ್ಟೇಷನ್ 2ರ ಡಿಸ್ಕ್ ಟ್ರೇ ಮುರಿದಿದೆ. 2013ರಲ್ಲೇ ಅದರ ತಯಾರಿಕೆ ನಿಂತಿದೆ, ಬಿಡಿಭಾಗಕ್ಕೆ ಇನ್ನೊಂದು ಹಾಳಾದ ಪ್ಲೇಸ್ಟೇಷನ್ 2 ಹುಡುಕಬೇಕು.

ಆದರೆ ನನಗೆ ಇವತ್ತಿಗೂ ನೋಡಲಾಗದ್ದು ಕೆಳಗಿನ ಹಲಗೆಯಲ್ಲಿದ್ದ ಸೆಗಾ ಮೆಗಾ ಡ್ರೈವ್ 2. 1996ರಲ್ಲಿ ಅಪ್ಪ ಮುಂಬೈಗೆ ಹೋದಾಗ ತಂದದ್ದು. ಮೇಲಿನ ಹಲಗೆಯ ಅಂಚು ನೇರ ಅದರ ಕಾರ್ಟ್ರಿಜ್ ಬಾಯಿಯ ಮೇಲೆ ಬಿದ್ದು, ಎರಡು ಪುಟ್ಟ ಮುಚ್ಚಳದಲ್ಲಿ ಒಂದು ಚೂರಾಗಿದೆ, ಒಂದು ಬಿರುಕು ಪವರ್ ಬಟನ್ ತನಕ ಓಡಿದೆ. ಅಷ್ಟು ಹಳೆಯ ಪ್ಲಾಸ್ಟಿಕ್ ಬಾಗುವುದಿಲ್ಲ, ಸಿಡಿಯುತ್ತದೆ. ಅಪ್ಪ ಈಗಿಲ್ಲ. ಅವರು ಆ ಬಟನ್ ಒತ್ತಿ "ಹಚ್ಚಪಾ ನಿನ್ನ ಆಟ" ಅಂತ ಕೂರುತ್ತಿದ್ದದ್ದು ನನಗೆ ನೆನಪಿದೆ. ಅದನ್ನು 1,200 ರೂಪಾಯಿಯ ಶೆಲ್ಫಿನ ಮೇಲೆ, ಪರೀಕ್ಷೆ ಮಾಡದ ಗೋಡೆಗೆ ನೇತುಹಾಕಿದ್ದೆ.

ಇನ್ನೊಂದು ವಿಷಯ, ಇದು ಶೆಲ್ಫಿಗೆ ಸಂಬಂಧಿಸಿದ್ದಲ್ಲ. ಪೆಟ್ಟು ಬಿದ್ದಿದೆಯಾ ಅಂತ ಹಳೆಯ ಎಕ್ಸ್‌ಬಾಕ್ಸ್ ಬಿಚ್ಚಿದಾಗ, ಗಡಿಯಾರಕ್ಕೆ ಕರೆಂಟ್ ಹಿಡಿದಿಡುವ ಕೆಪ್ಯಾಸಿಟರ್ ಸೋರಿ ಬೋರ್ಡ್ ತಿನ್ನತೊಡಗಿತ್ತು. ಕೊನೆಯ ಮಾದರಿ ಬಿಟ್ಟರೆ ಉಳಿದ ಎಲ್ಲ ಹಳೆಯ ಎಕ್ಸ್‌ಬಾಕ್ಸ್‌ಗಳಿಗೂ ಇರುವ ರೋಗ ಇದು. ನಿಮ್ಮ ಹತ್ತಿರ ಇದ್ದರೆ ಬಿಚ್ಚಿಸಿ ಅದನ್ನು ತೆಗೆಸಿ, ಅದಿಲ್ಲದೆಯೂ ಯಂತ್ರ ಓಡುತ್ತದೆ.

ಮರುದಿನ ಮನೆ ಮಾಲಕರ ತಾಯಿ ಬಂದು ಗೋಡೆಯ ತೂತು ನೋಡಿದರು. ಬೈಯಲಿಲ್ಲ. "ಈ ಗ್ವಾಡ್ಯಾಗ ಮೊಳಿ ನಿಲ್ಲಂಗಿಲ್ಲೋ ತಮ್ಮಾ, ಅದಕ್ಕ ನಮ್ಮ ಹಿರ್ಯಾರು ಮಾಡ ಬಿಟ್ಟಾರ, ನಾಗೊಂದಿ ಬಿಟ್ಟಾರ. ನನ್ನ ಒಂದ್ ಮಾತು ಕೇಳಬಾರದೇನು?" ಅಂದರು. ಮಾಡ ಅಂದರೆ ಗೋಡೆಯೊಳಗಿನ ಗೂಡು, ನಾಗೊಂದಿ ಅಂದರೆ ಸಾಮಾನಿಡುವ ಹಲಗೆ. ಅಡುಗೆಮನೆಯ ನಾಗೊಂದಿ ಅಷ್ಟು ವರ್ಷದಿಂದ ತಾಮ್ರದ ಹಂಡೆ ಹೊತ್ತು ನಿಂತಿದೆ, ಯಾಕೆಂದರೆ ಅದರ ಹಲಗೆಯ ಎರಡೂ ತುದಿ ಗೋಡೆಯ ಒಳಗೆ ಹೂತಿವೆ. ಅದು ಗೋಡೆಯನ್ನು ಜಗ್ಗುವುದಿಲ್ಲ, ಅದರ ಮೇಲೆ ಕೂತಿದೆ. ದಿನಾ ಅದರ ಕೆಳಗೇ ನಿಂತು ಚಹಾ ಕಾಸುತ್ತಿದ್ದೆ.

ಈಗ ಮಾಡಿಕೊಂಡದ್ದು ಹೀಗೆ. ಗೋಕುಲ ರೋಡ್ ಕಡೆ ಹಳೆಯ ಸ್ಲಾಟೆಡ್ ಆ್ಯಂಗಲ್ ಸಿಕ್ಕಿತು, ಅಂಗಡಿ ಗೋದಾಮುಗಳಲ್ಲಿ ಇರುತ್ತದಲ್ಲ, ತೂತು ತೂತಿನ ಕಬ್ಬಿಣದ ಪಟ್ಟಿ, ಅದು. ನಾಲ್ಕು ಕಾಲು ಕೊಯ್ಸಿ, ನಟ್ಟು ಬೋಲ್ಟು ಹಾಕಿ ನಿಲ್ಲಿಸಿದೆ, ಭಾರವೆಲ್ಲ ನೆಲಕ್ಕೆ. ಹಲಗೆ 18 ಮಿಮೀ ಪ್ಲೈವುಡ್, ಐಎಸ್ 710 ಮುದ್ರೆ (ನೀರು ತಡೆಯುವ ಮರೀನ್ ಪ್ಲೈವುಡ್‌ನ ಗುರುತು) ಇದ್ದದ್ದು. ಬೋರ್ಡಿನ ಮೇಲೆ ಆ ಮುದ್ರೆ ಕಣ್ಣಾರೆ ನೋಡಿ, ಬಾಯಿಮಾತು ನಂಬಬೇಡಿ. ನಾಲ್ಕು ಅಡಿಯ ನಡುವೆ ಇನ್ನೊಂದು ಆಧಾರ ಕೊಟ್ಟಿದ್ದೇನೆ. ಆಧಾರದ ಅಂತರ ಅರ್ಧಕ್ಕಿಳಿದರೆ ಹಲಗೆ ಬಾಗುವುದು ಹದಿನಾರನೇ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ, ದಪ್ಪ ಹಲಗೆಗೆ ದುಡ್ಡು ಸುರಿಯುವುದಕ್ಕಿಂತ ಇದು ಅಗ್ಗ. ಗೋಡೆಯಿಂದ ಎರಡು ಇಂಚು ಬಿಟ್ಟು ನಿಲ್ಲಿಸಿದ್ದೇನೆ, ಹಸಿ ತಾಗಬಾರದು, ಗಾಳಿ ಆಡಬೇಕು. ಭಾರದ ಕನ್ಸೋಲ್ ಎಲ್ಲ ಕೆಳಗಿನ ಹಲಗೆಗೆ. ಮುಂದಕ್ಕೆ ಮಗುಚದಂತೆ ಮೇಲ್ತುದಿಯನ್ನು ಮರದ ತೊಲೆಗೆ ಕಟ್ಟಿದ್ದೇನೆ. ಒಟ್ಟು 3,000 ರೂಪಾಯಿಯ ಒಳಗೆ ಮುಗಿಯಿತು.

ನವನಗರ, ವಿದ್ಯಾನಗರದ ಹೊಸ ಮನೆಯವರು ನಮ್ಮದು ಸಿಮೆಂಟ್ ಗೋಡೆ, ಚಿಂತೆ ಇಲ್ಲ ಅನ್ನಬೇಡಿ. ಹಾಲೋ ಬ್ಲಾಕ್ ಇದ್ದರೆ ಒಳಗೆ ಪೊಳ್ಳು, ಗಿಟ್ಟಿ ಗಾಳಿಯಲ್ಲಿ ನಿಲ್ಲುತ್ತದೆ. ಹಗುರ ಬ್ಲಾಕ್‌ಗೆ ಬೇರೆಯೇ ಗಿಟ್ಟಿ ಬೇಕು. ಮೊದಲು ಯಾರಿಗೂ ಕಾಣದ ಮೂಲೆಯಲ್ಲಿ 6 ಮಿಮೀ ಬಿಟ್‌ನಿಂದ, ಹ್ಯಾಮರ್ ಇಲ್ಲದೆ, ಎರಡು ಇಂಚು ಆಳ ಕೊರೆದು ನೋಡಿ. ಕೆಳಗೊಂದು ಬಿಳಿ ಹಾಳೆ ಹಿಡಿಯಿರಿ. ಕೊನೆಯವರೆಗೂ ಬಿಟ್ ಒಂದೇ ಬಿಗಿಯಲ್ಲಿ ಹೋಗಬೇಕು, ಪುಡಿ ಒಣಗಿರಬೇಕು. ನಡುವೆ ಜಾರಿದರೆ, ಮಣ್ಣು ಬಂದರೆ, ಆ ಗೋಡೆಗೆ ಭಾರ ಹಾಕಬೇಡಿ.

ಈಗಾಗಲೇ ಗೋಡೆಗೆ ಶೆಲ್ಫ್ ಹೊಡೆದವರು ಇವತ್ತು ರಾತ್ರಿಯೇ ಒಂದು ಬಸ್ ಟಿಕೆಟ್ ತೆಗೆದುಕೊಂಡು ಪ್ರತಿ ಬ್ರ್ಯಾಕೆಟ್‌ನ ಮೇಲ್ತುದಿಯ ಹಿಂದೆ ಸರಿಸಿ ನೋಡಿ. ಒಳಗೆ ಹೋದರೆ ಸ್ಕ್ರೂ ಬಿಗಿಯಲು ಹೋಗಬೇಡಿ, ಭಾನುವಾರದವರೆಗೆ ಕಾಯಬೇಡಿ. ಕೆಳಗೆ ಮಲಗಿದವರನ್ನು ಎಬ್ಬಿಸಿ ಬೇರೆ ಕಡೆ ಮಲಗಿಸಿ, ಸಾಮಾನು ಒಂದೊಂದಾಗಿ ಇಳಿಸಿ ನೆಲದ ಮೇಲಿಡಿ.