ಎರೆಹುಳು ಇಡಲು ಯಾವ ಕೊಂಬು: ಎತ್ತಿನದೋ, ಎಮ್ಮೆಯದೋ, ಮೇಕೆಯದೋ?

ಎರೆಹುಳುಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ಗಾಳ ಹಿಡಿದು ದಡದುದ್ದಕ್ಕೂ ನಡೆಯುವವರಿಗೆ ಎತ್ತಿನ ಕೊಂಬಿನ ಪಾತ್ರೆಯಷ್ಟು ಅನುಕೂಲವಾದದ್ದು ಬೇರೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನನ್ನನ್ನು ತಂದು ನಿಲ್ಲಿಸಿದ್ದು ಸಿದ್ಧವಾಗಿ ಕೊಂಡ ಎಮ್ಮೆಕೊಂಬಿನ ಡಬ್ಬಿ. ಅದು ನೋಡಲು ಸೊಗಸಾಗಿತ್ತು, ಕಪ್ಪಗೆ ಮಿರುಗುತ್ತಿತ್ತು, ಆದರೆ ಎರೆ ಇಡುವುದಕ್ಕೆ ಒದಗಲಿಲ್ಲ. ಒಬ್ಬ ಮಾರಾಟಗಾರನ ಸರಕನ್ನು ನೋಡಿ ಎಮ್ಮೆಯ ಕೊಂಬನ್ನೇ ಹಳಿಯುವುದು ನ್ಯಾಯವಲ್ಲವೆಂದು, ಆಮೇಲೆ ಎಮ್ಮೆಯ ಹಸಿ ಕೊಂಬೊಂದನ್ನು ತಂದು ನಾನೇ ಕೆತ್ತಿದೆ. ಅದರ ಜೊತೆಯಲ್ಲೇ ಎತ್ತಿನದನ್ನೂ ಮೇಕೆಯದನ್ನೂ ಮಾಡಿ ಬಳಸಿದೆ.

ಮದ್ದಿನ ಕೊಂಬನ್ನು, ಎಂದರೆ ಬಂದೂಕಿನ ಮದ್ದುಪುಡಿ ತುಂಬಿಡುವ ಕೊಂಬನ್ನು, ಕಂಡವರು ಎರೆಯ ಕೊಂಬನ್ನೂ ಹಾಗೆಯೇ ಮಾಡಲು ಹೊರಡುತ್ತಾರೆ. ಮದ್ದಿನ ಕೊಂಬಿನಲ್ಲಿ ಅಗಲವಾದ ಬುಡವನ್ನು ಶಾಶ್ವತವಾಗಿ ಮುಚ್ಚಿ, ತುದಿಯನ್ನು ಕೊರೆದು ಸಣ್ಣ ಬಾಯಿ ಮಾಡುತ್ತಾರೆ, ಏಕೆಂದರೆ ಪುಡಿಯನ್ನು ಸುರಿಯಬೇಕು ಮತ್ತು ತೇವ ಒಳಗೆ ಬರಬಾರದು. ಎರೆಯ ವಿಷಯದಲ್ಲಿ ಎಲ್ಲವೂ ತಿರುಗುಮುರುಗು: ತೇವ ಒಳಗೇ ಉಳಿಯಬೇಕು, ಗಾಳಿ ಆಡಬೇಕು, ಒದ್ದೆ ಬೆರಳು ಎರಡಾದರೂ ಒಳಗೆ ಹೋಗಬೇಕು. ಆದ್ದರಿಂದ ಗಟ್ಟಿಯಾದ ತುದಿಯೇ ತಳವಾಗಿ, ಅಗಲವಾದ ಬುಡವೇ ಬಾಯಾಗುವುದು ಒಳ್ಳೆಯದು. ಸೋರುವ ತಳವೆಂಬ ತಾಪತ್ರಯವೇ ಆಗ ಇರುವುದಿಲ್ಲ.

ಕೊಂಡ ಡಬ್ಬಿಯ ಮೊದಲ ದೋಷವನ್ನು ಬೇಗ ಹೇಳಿ ಮುಗಿಸಬಹುದು. ಅದರ ಒಳಗೋಡೆಗೂ ಮೆರುಗೆಣ್ಣೆ ಬಳಿದಿದ್ದರು. ಎರೆಹುಳು ಚರ್ಮದ ಮೂಲಕವೇ ಉಸಿರಾಡುವ ಜೀವಿ. ವಾರ್ನಿಷಿನ ವಾಸನೆ ಆರದ ಡಬ್ಬಿಯಲ್ಲಿ ಅವು ಮಧ್ಯಾಹ್ನದೊಳಗೆ ನಿಸ್ತೇಜವಾಗಿ ಗಂಟುಕಟ್ಟಿ ಬಿದ್ದವು. ಒಳಗೆ ಏನನ್ನೂ ಬಳಿಯಬಾರದು.

ನಿಜವಾದ ಕಿರಿಕಿರಿ ಮುಚ್ಚಳದ್ದು. ಎಮ್ಮೆಯ ಕೊಂಬನ್ನು ಬುಡದ ಬಳಿ ಅಡ್ಡ ಕತ್ತರಿಸಿದರೆ ಸಿಗುವ ಬಾಯಿ ದುಂಡಗಿರುವುದಿಲ್ಲ. ಮೂಲೆಗಳು ಸವೆದ ತ್ರಿಕೋನದಂತೆ ಚಪ್ಪಟೆಯಾಗಿರುತ್ತದೆ, ಮೂರು ಬದಿಗಳೂ ಸಮವಾಗಿರುವುದಿಲ್ಲ. ಅಂಥ ಬಾಯಿಗೆ ಕೆತ್ತಿದ ಬಿರಡೆ ಒಂದೇ ಒಂದು ಕೋನದಲ್ಲಿ ಕೂರುತ್ತದೆ. ಮನೆಯಲ್ಲಿ ಮೇಜಿನ ಮೇಲಿಟ್ಟು ಹಾಕಿ ತೆಗೆಯುವಾಗ ಇದೇನೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಒಂದು ಕೈಯಲ್ಲಿ ಗಾಳದ ಕೋಲು, ಇನ್ನೊಂದರ ಬೆರಳುಗಳಿಗೆ ಕೆಸರು ಮತ್ತು ಹುಳದ ಲೋಳೆ, ನಸುಕಿನ ಮಬ್ಬು ಬೆಳಕು, ಅಂಚಿನ ಮೇಲೆ ಹತ್ತಿ ಹೊರಬರುತ್ತಿರುವ ಹುಳುಗಳು, ಇಷ್ಟರ ನಡುವೆ ಬಿರಡೆಯನ್ನು ತಿರುಗಿಸಿ ತಿರುಗಿಸಿ ಅದರ ಸರಿಯಾದ ದಿಕ್ಕನ್ನು ಹುಡುಕುತ್ತ ಕೂರುವ ಹೊತ್ತಿಗೆ ಮೀನು ಎಳೆದು ಬಿಟ್ಟು ಹೋಗಿರುತ್ತದೆ. ಬಿರಡೆಯ ಮೇಲೂ ಕೊಂಬಿನ ಅಂಚಿನ ಮೇಲೂ ಗುರುತಿನ ಗೀರು ಹಾಕಿದೆ. ಕಪ್ಪು ಕೊಂಬಿನ ಮೇಲಿನ ಗೀರು ಮಬ್ಬಿನಲ್ಲಿ ಕಾಣಿಸದು.

ಹಾಗಾದರೆ ಬಾಯನ್ನೇ ದುಂಡಗೆ ಮಾಡಬಾರದೇ ಎಂದು ಕೇಳಬಹುದು. ಕೊಂಬು ನಮ್ಮ ಉಗುರಿನಂತೆಯೇ ಕೆರಾಟಿನ್ನಿನಿಂದ ಆದದ್ದು. ಕುದಿಯುವ ನೀರಿನಲ್ಲಿ ಇಟ್ಟರೆ ಮೆತ್ತಗಾಗುತ್ತದೆ, ಬಿಸಿಯಿರುವಾಗಲೇ ಶಂಕುವಿನಾಕಾರದ ಮರದ ತುಂಡನ್ನು ಒಳಗೆ ಒತ್ತಿ ತಣಿಯಲು ಬಿಟ್ಟರೆ ಆ ಆಕಾರವನ್ನು ಹಿಡಿಯುತ್ತದೆ. ತೆಳುವಾದ ಎತ್ತಿನ ಕೊಂಬು ಇದಕ್ಕೆ ಸುಲಭವಾಗಿ ಒಗ್ಗುತ್ತದೆ. ಎಮ್ಮೆಯ ಕೊಂಬಿನ ದಪ್ಪ ಗೋಡೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಹಟ ಹಿಡಿದು ಬೆಂಕಿಗೆ ನೇರವಾಗಿ ಒಡ್ಡಿದರೆ ಹೊರಮೈ ಸುಟ್ಟು ಪದರಪದರವಾಗಿ ಏಳುತ್ತದೆ. ಇನ್ನೂ ಒಂದು ಸಂಗತಿಯಿದೆ: ಹೀಗೆ ಬಲವಂತವಾಗಿ ತಿದ್ದಿದ ಕೊಂಬು ಮತ್ತೆ ಬಿಸಿಯಾದರೆ ತನ್ನ ಹಳೆಯ ಆಕಾರದ ಕಡೆಗೆ ವಾಲುತ್ತದೆ. ಬಿಸಿಲಲ್ಲಿ ನಿಂತ ವಾಹನದೊಳಗೆ ಬಿಟ್ಟು ಹೋದ ಡಬ್ಬಿಯ ಮುಚ್ಚಳ ಸಂಜೆಗೆ ಕೂರದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಎತ್ತಿನ ಕೊಂಬಿನ ಬಾಯಿ ಸ್ವಭಾವದಿಂದಲೇ ಬಹುಮಟ್ಟಿಗೆ ದುಂಡಗಿರುವುದರಿಂದ ತಿದ್ದುವುದು ಅತ್ಯಲ್ಪ, ವಾಲುವುದೂ ಅತ್ಯಲ್ಪ.

ಬಿರಡೆಯ ಮರವೂ ಸುಮ್ಮನಿರುವುದಿಲ್ಲ. ಹುಳುಗಳಿಗೆಂದು ಒಳಗೆ ತುಂಬಿದ ಒದ್ದೆ ಪಾಚಿಯ ಮೇಲೆ ರಾತ್ರಿಯಿಡೀ ಕೂತ ಮರ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಹೀಗಾಗಿ ದುಂಡು ಬಿರಡೆ ಅಂಡಾಕಾರವಾಗಿ ಬಾಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಒಣಗಿದ ಮೇಲೆ ಸಡಿಲವಾಗಿ ಬಿದ್ದುಹೋಗುತ್ತದೆ. ಇದಕ್ಕೆ ನನಗೆ ಫಲಿಸಿದ ಉಪಾಯವೆಂದರೆ ಬಿರಡೆಯನ್ನು ಬಾಯಿಗಿಂತ ಒಂದು ಮಿಲಿಮೀಟರಿನಷ್ಟು ಚಿಕ್ಕದಾಗಿಯೇ ಕೆತ್ತಿ, ಸುತ್ತಲೂ ಆಳವಿಲ್ಲದ ತೋಡು ತೆಗೆದು, ಅದರಲ್ಲಿ ಜೇನುಮೇಣ ಸವರಿದ ಹತ್ತಿಯ ದಾರವನ್ನು ಸುತ್ತುವುದು. ಮರ ಹಿಗ್ಗಿದರೆ ದಾರ ಅದುಮಿಕೊಳ್ಳುತ್ತದೆ. ಸಡಿಲವಾದರೆ ಇನ್ನೆರಡು ಸುತ್ತು ಹಾಕಿದರೆ ಸಾಕು. ಈ ಉಪಾಯ ಎಮ್ಮೆಯ ಕೊಂಬಿಗೂ ನಡೆಯುತ್ತದೆಂದು ಒಪ್ಪಿಕೊಳ್ಳಲೇಬೇಕು, ಆದರೆ ಮೂಲೆಗಳಲ್ಲಿ ದಾರ ಬೇಗ ಸವೆಯುತ್ತದೆ.

ಒಳಗಿನ ಮೂಳೆಯನ್ನು ತೆಗೆಯುವ ಕೆಲಸದಲ್ಲಿಯೂ ಎತ್ತಿನದೇ ಮೇಲು. ಮುಕ್ಕಾಲು ಗಂಟೆಯಷ್ಟು ಕುದಿಸಿ, ದಪ್ಪ ಬಟ್ಟೆಯಲ್ಲಿ ಹಿಡಿದು ತಿರುಚಿ ಎಳೆದರೆ ಮೂಳೆ ಬರುತ್ತದೆ. ಎಮ್ಮೆಯದು ಇನ್ನೂ ಬಹಳ ಹೊತ್ತು ಕಾಯಿಸುತ್ತದೆ. ಎರಡರ ವಾಸನೆಯೂ ಅಸಹ್ಯವೇ, ಆದ್ದರಿಂದ ಕುದಿಸುವುದು ಬಯಲಲ್ಲೇ ಆಗಲಿ. ಅರದಿಂದ ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಗವಸು ಬೇಕೇ ಬೇಕು. ಒಡೆದ ಗಾಜಿನ ಅಂಚಿನಿಂದ ಹೆರೆದು, 220, 400, 600 ನಂಬರಿನ ಉಪ್ಪುಕಾಗದದಿಂದ ಕ್ರಮವಾಗಿ ತಿಕ್ಕಿ, ಹೊರಮೈಗೆ ಮಾತ್ರ ಎಣ್ಣೆ ಸವರಿದರೆ ಸಾಕು. ತಿಳಿಬಣ್ಣದ ಎತ್ತಿನ ಕೊಂಬನ್ನು ಎರಡು ಮಿಲಿಮೀಟರಿನವರೆಗೆ ಹೆರೆದಾಗ ಬೆಳಕಿಗೆ ಹಿಡಿದರೆ ಒಳಗೆಷ್ಟು ಪಾಚಿ ಉಳಿದಿದೆಯೆಂಬುದು ಹೊರಗಿನಿಂದಲೇ ಕಾಣುತ್ತದೆ. ಕಪ್ಪು ಎಮ್ಮೆಕೊಂಬಿನಲ್ಲಿ ಈ ಸುಖವಿಲ್ಲ.

ಮೇಕೆಯ ಕೊಂಬಿನ ಒಳಗೆ ನನ್ನ ಬೆರಳು ಒಂದೇ ಹೋಗುತ್ತದೆ, ಅದೂ ಕಷ್ಟದಿಂದ. ನೊಣದ ಮರಿಹುಳುಗಳನ್ನು ಒಣ ತೌಡಿನೊಂದಿಗೆ ಇಟ್ಟು ಅಂಗೈಗೆ ಸುರಿದುಕೊಳ್ಳುವವರಿಗೆ ಅದು ಒದಗೀತು. ಗೋಡೆ ಒದ್ದೆಯಾದರೆ ಮಾತ್ರ ಆ ಹುಳುಗಳು ಮೇಲೇರಿ ಬರುತ್ತವೆ. ಜಿಂಕೆಯ ಕೋಡು ಈ ಲೆಕ್ಕಕ್ಕೇ ಬರುವುದಿಲ್ಲ, ಅದು ಟೊಳ್ಳಿಲ್ಲದ ಮೂಳೆ.

ಗಾಳಿಯ ತೂತುಗಳನ್ನು ಮೂರರಲ್ಲಿಯೂ ಬಿರಡೆಯಲ್ಲೇ ಕೊರೆದೆ. ಒಂದೂವರೆ ಮಿಲಿಮೀಟರಿಗಿಂತ ದೊಡ್ಡ ತೂತಿನಿಂದ ಸಣ್ಣ ಎರೆಹುಳುಗಳು ನುಸುಳಿಕೊಂಡು ಹೋಗುತ್ತವೆ.

ನಾನು ದಿನಕ್ಕೆ ಒಂದು ಹಿಡಿ ಹುಳುಗಳಿಗಿಂತ ಹೆಚ್ಚು ಒಯ್ಯುವವನಲ್ಲ. ಒಂದೆಡೆ ಕೂರದೆ ನಡೆಯುತ್ತಲೇ ಇರುತ್ತೇನೆ, ಹಾಗಾಗಿ ತೂಕ ನನಗೆ ಮುಖ್ಯ. ಎತ್ತಿನ ಕೊಂಬಿಗೆ ಖರ್ಚಾದದ್ದು ಬಹುಪಾಲು ನನ್ನ ಬಿಡುವಿನ ವೇಳೆಯೇ. ಕೊಂಡ ಎಮ್ಮೆಯ ಡಬ್ಬಿಗೆ ತೆತ್ತ ಹಣದಲ್ಲಿ ಇಂಥ ಹಲವು ಕೊಂಬುಗಳು ಸಿಗುತ್ತಿದ್ದವು. ದೋಣಿಯಲ್ಲಿ ಕೂತು ಗಾಳ ಹಾಕುವವರಿಗೆ ಎಮ್ಮೆಯ ಕೊಂಬಿನ ಭಾರ ಅಡ್ಡಿಯಾಗದು, ಬಿದ್ದರೂ ಅದು ಸುಲಭಕ್ಕೆ ಒಡೆಯದು. ಹುಳು ಬದುಕಿರುವುದಷ್ಟೇ ಮುಖ್ಯ ಎನ್ನುವವರು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೃಪ್ತರಾಗಬಹುದು, ಅದನ್ನು ಒಣಗಿಸಿಡುವ ಗೊಡವೆಯೂ ಇಲ್ಲ. ಕೊಂಬನ್ನಾದರೋ ಪ್ರತಿ ಸಲವೂ ತೊಳೆದು, ನೆರಳಲ್ಲಿ ಬಾಯಿ ತೆರೆದು ಆರಿಸಬೇಕು, ಕೊಂಬನ್ನು ಕೊರೆದು ತಿನ್ನುವ ಕೀಟಗಳ ಮೇಲೆ ಕಣ್ಣಿಡಬೇಕು.

ಕೊಂಡ ಡಬ್ಬಿಯನ್ನು ಕೊನೆಗೆ ಗರಗಸಕ್ಕೆ ಕೊಟ್ಟೆ. ಅದರ ದಪ್ಪ ಗೋಡೆಯಿಂದ ತೆಗೆದ ಗುಂಡಿಗಳೂ ಬಳೆಯೂ ಈಗ ಎತ್ತಿನ ಕೊಂಬಿನ ತೂಗುದಾರಕ್ಕೆ ಬಿಗಿಯಾಗಿ ಕೂತಿವೆ, ಆ ಕೆಲಸಕ್ಕೆ ಎಮ್ಮೆಯ ಕೊಂಬನ್ನು ಮೀರಿಸುವುದು ಬೇರೊಂದಿಲ್ಲ.