ದಾದರಿನ ಫ್ರೇಮ್ ಅಂಗಡಿಯಲ್ಲಿ ಅಮೃತಾ ಶೇರ್‌ಗಿಲ್

ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯದ ಗೋಡೆಗೆ ಅಮೃತಾ ಶೇರ್‌ಗಿಲ್ ಅವರ ಮೂರು ಚಿತ್ರಗಳ ಪ್ರತಿ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವಳು ಎಂಬುದಷ್ಟೇ ಕಾರಣ. ದಾದರ್ ಪಶ್ಚಿಮದಲ್ಲಿ ಕುಂದಾಪುರ ಕಡೆಯವರೊಬ್ಬರು ನಡೆಸುವ ಅಂಗಡಿಗೆ ಕೊಟ್ಟೆ. ಮುದ್ರಣ, ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚು), ಫ್ರೇಮ್ ಎಲ್ಲ ಸೇರಿ 7,800 ರೂಪಾಯಿ. ಚೌಕಟ್ಟಿಗೆ ಪೂರ್ತಿ ಅಂಕ. ಬಣ್ಣಕ್ಕೆ ಮಾತ್ರ ಜಗಳವಾಡಿಯೇ ಅಂಕ ಕೊಡಬೇಕಾಯಿತು.

ಮೊದಲನೆಯದು 1932ರ ‘ಯುವತಿಯರು’. ಪಂಜಾಬಿ ಸಿಖ್ ತಂದೆ, ಹಂಗೇರಿಯ ತಾಯಿ; 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಹುಡುಗಿ ಎಂಟನೆಯ ವಯಸ್ಸಿಗೆ ಶಿಮ್ಲಾಕ್ಕೆ ಬಂದಳು, ಹದಿನಾರಕ್ಕೆ ಪ್ಯಾರಿಸ್ ಸೇರಿ ಚಿತ್ರಕಲೆ ಕಲಿಯತೊಡಗಿದಳು. ಈ ಚಿತ್ರದಲ್ಲಿ ಕುಳಿತ ಇಬ್ಬರಲ್ಲಿ ಒಬ್ಬಳು ತಂಗಿ ಇಂದಿರಾ, ಇನ್ನೊಬ್ಬಳು ಕೂದಲು ಮುಖದ ಮೇಲೆ ಇಳಿಬಿಟ್ಟ ಫ್ರೆಂಚ್ ಗೆಳತಿ. 1933ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಇದಕ್ಕೆ ಚಿನ್ನದ ಪದಕ ಬಂದಾಗ ಅಮೃತಾಗೆ ಇಪ್ಪತ್ತು ವರ್ಷ. ಅಂಗಡಿಯವರ ಪ್ರತಿ ಚೆನ್ನಾಗಿದೆ, ನೆರಳಿನ ಹದ ಕೆಟ್ಟಿಲ್ಲ.

ಜಗಳ ಶುರುವಾದದ್ದು ‘ಮೂವರು ಹುಡುಗಿಯರು’ ಚಿತ್ರದ ಮೇಲೆ. ಅಮೃತಾ 1934ರ ಕೊನೆಗೆ ಭಾರತಕ್ಕೆ ಮರಳಿ, 1935ರಲ್ಲಿ ಬರೆದದ್ದು. ಸಲ್ವಾರ್ ಕಮೀಜ್ ತೊಟ್ಟ ಮೂವರು, ತಗ್ಗಿದ ಕಣ್ಣು, ಒಬ್ಬರನ್ನೊಬ್ಬರು ನೋಡುವುದೂ ಇಲ್ಲ. ಪ್ಯಾರಿಸ್ಸಿನ ನಯಗಾರಿಕೆ ಕಳಚಿ ಬಣ್ಣ ಸಪಾಟಾಗಿ, ಭಾರವಾಗಿ ಕೂತಿದೆ. ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಬಣ್ಣ ಏರಿಸಿ, ಹೊಳೆಯುವ ಕಾಗದದಲ್ಲಿ ಮುದ್ರಿಸಿದ್ದ. ಹುಡುಗಿಯರ ಕೆನ್ನೆಗೆ ಕಿತ್ತಳೆ ಬಣ್ಣ ಬಂದು, ಮೂವರೂ ಮದುವೆಮನೆಯಲ್ಲಿ ಫೋಟೋಗೆ ಕೂತವರಂತೆ ಕಾಣುತ್ತಿದ್ದರು.

‘ಇಷ್ಟು ಮಂಕಾಗಿದ್ದರೆ ಗೋಡೆಗೆ ಏನು ಶೋಭೆ ಟೀಚರೇ?’ ಎಂದರು ಮಾಲೀಕರು. ಆ ಮಂಕು ತೆಗೆದರೆ ಚಿತ್ರದಲ್ಲಿ ಉಳಿಯುವುದು ಬಟ್ಟೆ ಮಾತ್ರ ಎಂದೆ. ಈ ಚಿತ್ರಕ್ಕೆ 1937ರಲ್ಲಿ ಚಿನ್ನದ ಪದಕ ಕೊಟ್ಟದ್ದು ನಮ್ಮ ಮುಂಬಯಿಯ ಬಾಂಬೆ ಆರ್ಟ್ ಸೊಸೈಟಿಯೇ ಎಂದೂ ಸೇರಿಸಿದೆ. ಅಲ್ಲಿಗೆ ಸ್ವಲ್ಪ ಮೆತ್ತಗಾದರು. ಮ್ಯಾಟ್ ಕಾಗದದಲ್ಲಿ, ಬಣ್ಣ ಮುಟ್ಟದೆ ಮತ್ತೆ ತೆಗೆದುಕೊಟ್ಟರು. ಹೆಚ್ಚಿಗೆ ಹಣ ಕೇಳಲಿಲ್ಲ, ಅದು ಅವರ ದೊಡ್ಡತನ.

ಮೂರನೆಯದು ‘ಬ್ರಹ್ಮಚಾರಿಗಳು’, 1937. ಮುಂಬಯಿಯ ವಕೀಲ, ಕಲಾವಿಮರ್ಶಕ ಕಾರ್ಲ್ ಖಂಡಾಲಾವಾಲಾ ಅವರಿಂದ ಅಮೃತಾರ ಕಣ್ಣು ಮೊಘಲ್, ಪಹಾಡಿ ಚಿತ್ರಗಳತ್ತ ಹೊರಳಿತು. ಆಮೇಲೆ ಅಜಂತಾ ಕಂಡು, ದಕ್ಷಿಣದಲ್ಲಿ ಸುತ್ತಾಡಿ ಬಂದು ಬರೆದ ಚಿತ್ರ ಇದು. ಕಪ್ಪು ಮೈ, ಬಿಳಿ ಪಂಚೆ. ಕಾಗದವೇ ಅತಿ ಬಿಳುಪಾದುದರಿಂದ ಪಂಚೆಗೆ ನೀಲಿ ಹಾಕಿ ಒಗೆದ ಛಾಯೆ ಬಂದಿದೆ. ಇದಕ್ಕೆ ಕೆನೆಬಣ್ಣದ ಕಾಗದ ಬೇಕಿತ್ತು, ಅಂಗಡಿಯಲ್ಲಿರಲಿಲ್ಲ. ಹಾಗೆಯೇ ತೂಗುಹಾಕಿದ್ದೇವೆ, ನನ್ನ ಹೊರತು ಯಾರೂ ಗಮನಿಸಿದಂತಿಲ್ಲ.

ಫ್ರೇಮ್ ಕೆಲಸ ಮಾತ್ರ ಅಚ್ಚುಕಟ್ಟು. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟಿನ ಅಂತರ ಬಿಟ್ಟಿದ್ದಾರೆ. ಗಾಜಿಗೆ ಅಂಟಿಸಿದ ಚಿತ್ರಕ್ಕೆ ಈ ಊರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ಹಿಂಬದಿಯನ್ನು ಟೇಪಿನಿಂದ ಪೂರ್ತಿ ಮುಚ್ಚಿದ್ದಾರೆ. ಮೂಲೆಗಳ ಜೋಡಣೆಯಲ್ಲಿ ಬೆರಳಿಗೆ ಸಿಗುವ ಬಿರುಕಿಲ್ಲ.

ಹೋಗುವವರು ಮೊದಲೇ ‘ಮ್ಯಾಟ್’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ, ಕೈಯಗಲದ ಮಾದರಿ ತುಂಡು ನೋಡಿಯೇ ಒಪ್ಪಿಗೆ ಕೊಡಿ. ಅರ್ಧ ಹಣ ಮುಂಗಡ ಕೇಳುತ್ತಾರೆ. ಮನೆಗೆ ತಲುಪಿಸುವ ವ್ಯವಸ್ಥೆ ಇಲ್ಲ. ಗಾಜಿನ ಚೌಕಟ್ಟು ಹಿಡಿದು ಸಂಜೆಯ ಡೊಂಬಿವಲಿ ಲೋಕಲ್ ಹತ್ತುವ ಸಾಹಸ ಬೇಡ, ಮಧ್ಯಾಹ್ನವೇ ಹೊರಡಿ.